ತುಂಗೆಯಲ್ಲ, ಭೀಮಾ

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಸುತ್ತ ತೊಗರಿ ಹೂ ಬಿಟ್ಟಿದೆ. ಇವತ್ತು ಕ್ಲಾಸಿನಲ್ಲಿ ಇಂಗ್ಲಿಷ್ ಕವಿ ಬ್ರೌನಿಂಗ್‌ನ ಹ್ಯಾಮಲಿನ್ ಕವಿತೆ ಓದಿದೆವು. ನನಗೆ ಕಣ್ಣು ತುಂಬಿ ಬಂತು.

ಅದೇ ಕತೆ ನನಗೆ ಮೊದಲು ಸಿಕ್ಕಿದ್ದು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಾಗಿ, ಅಫಜಲಪುರ ಕಡೆಯ ನಮ್ಮ ಹಳ್ಳಿಯ ಸಾಲೆಯಲ್ಲಿ. ಬ್ರೌನಿಂಗ್‌ನ ವೇಸರ್ ನದಿ ಕುವೆಂಪು ಕೈಯಲ್ಲಿ ತುಂಗೆಯಾಯಿತು. ನಾನು ತುಂಗೆಯನ್ನು ಕಂಡವಳೇ ಅಲ್ಲ. ಜೋಗಿಯ ಕಿಂದರಿಯ ನಾದಕ್ಕೆ ಮರುಳಾಗಿ ಹಿಂದೆ ಬಂದ ಇಲಿಗಳೆಲ್ಲ ನಮ್ಮ ಭೀಮಾ ನದಿಗೇ ಬಿದ್ದವು ಅಂತ ನಂಬಿದ್ದೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ದಂಡೆಗೆ ನಿಂತು ಹುಡುಕಿದ್ದೂ ಉಂಟು.

ಆಗ ಇಲಿಗಳ ಆ ಕುಣಿತದ ಲಯವೇ ಸಾಕಿತ್ತು. ಈಗ ಮನಸ್ಸು ಹೋಗಿ ನಿಲ್ಲುವುದು ಕುಂಟ ಹುಡುಗನ ಹತ್ತಿರ. ಗೆಳೆಯರೆಲ್ಲ ಜೋಗಿಯ ಹಿಂದೆ ಬೆಟ್ಟದೊಳಗೆ ಹೋದ ಮೇಲೆ ಒಬ್ಬನೇ ಉಳಿದವನು. ನನ್ನ ಜೊತೆ ಓದಿದ ಎಷ್ಟೋ ಹುಡುಗಿಯರ ಓದು ನಡುವೆಯೇ ನಿಂತಿತು, ಕೆಲವರು ಮನೆಯವರೊಂದಿಗೆ ದುಡಿಯಲು ಮುಂಬೈಗೆ ಹೋದರು. ಹೋದವರು ಯಾರು, ಉಳಿದವರು ಯಾರು ಅನ್ನುವುದೇ ನನಗೆ ಈಗ ಗೊಂದಲ.

ಕವಿತೆ ಅಂದರೆ ಪುಸ್ತಕದ್ದು ಅಂತ ಬಹಳ ದಿನ ತಿಳಿದಿದ್ದೆ. ಆದರೆ ಅಮಾವಾಸ್ಯೆಯ ಭಜನಿಯಲ್ಲಿ ಮುತ್ಯಾ ಏಕತಾರಿ ಹಿಡಿದು ಹಾಡುತ್ತಿದ್ದದ್ದು ಕಡಕೋಳ ಮಡಿವಾಳಪ್ಪನ ತತ್ವಪದ, ಅವನ ಶಿಷ್ಯ ಚೆನ್ನೂರ ಜಲಾಲಸಾಹೇಬರ ತತ್ವಪದ. ಅರ್ಥ ಕೇಳಿದರೆ, "ಮೊದಲು ಹಾಡವ್ವ, ಅರ್ಥ ತಾನೇ ಬರ್ತದ" ಅಂತಿದ್ದ.

ರಾತ್ರಿ ಹಾಸ್ಟೆಲಿನಲ್ಲಿ ಕಿಂದರಿಜೋಗಿಯನ್ನು ಮತ್ತೆ ಗಟ್ಟಿಯಾಗಿ ಓದಿದೆ. ಕೇರಳದ ರೂಮ್‌ಮೇಟ್‌ಗೆ ಒಂದು ಪದವೂ ತಿಳಿಯಲಿಲ್ಲ, ಕಾಲು ಮಾತ್ರ ತಾಳ ಹಾಕುತ್ತಿತ್ತು.