ಹುತ್ರಿದುರ್ಗದಲ್ಲಿ ಬಣ್ಣದ ಡಬ್ಬಿ

ಪಿಯುಸಿಲಿ ಗೆಳತಿಯರ ರೆಕಾರ್ಡ್ ಬುಕ್ಕಿಗೆಲ್ಲಾ ಕಪ್ಪೆ, ದಾಸವಾಳ ಬರ್ಕೊಟ್ಟೋಳು ನಾನು. ಮದುವೆ ಆದ್ಮೇಲೆ ರಂಗೋಲಿ ಬಿಟ್ರೆ ಏನೂ ಬರೀಲಿಲ್ಲ. ಈಗ ಮಗಳು ವಾಟರ್ ಕಲರ್ ತಂದ್ಕೊಟ್ಲು. "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ" ಅಂದ್ರು ಯಜಮಾನ್ರು. ಆದ್ರೂ ಕುಣಿಗಲ್ಲಿಂದ ಹುತ್ರಿದುರ್ಗಕ್ಕೆ ಹೊರಟೇಬಿಟ್ವಿ.

ಕೆಂಪೇಗೌಡರ ಏಳು ಸುತ್ತಿನ ಕೋಟೆ, ತುದೀಲಿ ಶಂಕರೇಶ್ವರ. ನನ್ನ ಮೊಣಕಾಲಿಗೆ ಕೆಳಗಿನ ಬಾಗಿಲೇ ಸಾಕಾಯ್ತು, ಅಲ್ಲೇ ಕೂತೆ. ಬಂಡೆಗೆ ಬರೀ ಕಪ್ಪು ಹಚ್ಚಿದ್ರೆ ಇದ್ದಿಲ ಗುಡ್ಡೆ ಕಣ್ರೀ! ನೀಲಿಗೆ ಕಂದು ಬೆರೆಸಿದ್ಮೇಲೆ ಬಂಡೆ ಬಂಡೆಯಾಯ್ತು. ಆದ್ರೆ ಬಿಸಿಲಿಗೆ ಬಣ್ಣ ಹರಡೋ ಮುಂಚೆನೇ ಒಣಗ್ತಿತ್ತು.

1791ರ ಲಡಾಯಿಲಿ ಇಂಗ್ಲಿಷರ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್ ಪಕ್ಕದ ಸಾವನದುರ್ಗನ ಬರೆದಿದ್ದ. ಅವನಿಗೆ ಆಳುಕಾಳು ಇದ್ರೇನೋ, ನನ್ನ ಕಾಗದ ಹಾರದಂಗೆ ಟಿಫನ್ ಬಾಕ್ಸೇ ಭಾರ. ಕೋತಿ ಬಂದು ಅದನ್ನ ಎಳೀತು. ಚಿತ್ರಾನ್ನ ಪೂರ್ತಿ ಆಕಾಶದ ಮೇಲೆ! ಅಳುನೇ ಬಂತು.

ಮೇಕೆ ಕಾಯೋ ಅಜ್ಜಿ ಬಗ್ಗಿ ನೋಡಿ, "ಸಂಜೆ ಹೊತ್ತಿಂದಾ ತಾಯಿ? ನಮ್ ಬೆಟ್ಟಾನೇ ಕಣವ್ವ" ಅಂದ್ರು.

ಅರಿಶಿನ ಉಜ್ಜೋಕೆ ಹೋಗ್ಲಿಲ್ಲ. ನಡುಮನೇಲಿ ಅಂಟಿಸಿದೀನಿ. ಬಂದವರಿಗೆಲ್ಲಾ ಯಜಮಾನ್ರೇ ತೋರಿಸ್ತಾರೆ, ಕೋತಿ ಕತೆ ಸಮೇತ.