ಬಿಳಿ ಎಂಬ ತಕರಾರು

ಮುಂಬಯಿ ಪಕ್ಕದ ರಬಾಳೆಯ ಕನ್ನಡ ಮನೆಗಳ ಸಮಾರಂಭಕ್ಕೆ ಕ್ಯಾಮೆರಾ ಹಿಡಿದು ಹೋಗುವವನಿಗೆ ಕತ್ತಲೆಗಿಂತ ಬೆಳಕಿನ ಕಾಟವೇ ಜಾಸ್ತಿ. ಸೊಸೈಟಿ ಹಾಲಿನ ಕಿಟಕಿಯಿಂದ ಹಗಲ ಬೆಳಕು, ಸೂರಿನಲ್ಲಿ ಟ್ಯೂಬ್‌ಲೈಟು, ಮಂಟಪದ ಪಕ್ಕ ಹಳದಿ ಬಲ್ಬು. ನಡುವೆ ಮದುಮಗಳ ಮುಡಿಯಲ್ಲಿ ಊರಿಂದ ತರಿಸಿದ ಶಂಕರಪುರ ಮಲ್ಲಿಗೆ. ಕಣ್ಣಿಗದು ಅಚ್ಚ ಬಿಳಿ. ಫೋಟೋದಲ್ಲಿ ಕಿಟಕಿ ಕಡೆಯ ಅರ್ಧ ನೀಲಿ, ಬಲ್ಬಿನ ಕಡೆಯ ಅರ್ಧ ಹಳದಿ. “ಎಂತ ಮಾರಾಯ, ಹೂ ಬಾಡಿದ ಹಾಗೆ ಕಾಣ್ತದಲ್ಲ!” ಅನ್ನುತ್ತಾರೆ ಅತ್ತೆ.

ನಮ್ಮ ಮಿದುಳು ಬೆಳಕಿನ ಬಣ್ಣವನ್ನು ಕಳೆದು ವಸ್ತುವಿನ ಬಣ್ಣವನ್ನಷ್ಟೇ ಉಳಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ಯಾವುದು ಬಿಳಿ ಎಂದು ನಾವೇ ಹೇಳಬೇಕು. ವೈಟ್ ಬ್ಯಾಲೆನ್ಸ್ ಎಂದರೆ ಇಷ್ಟೇ. ಬೆಳಕಿನ ಬಣ್ಣದ ಅಳತೆ ಕೆಲ್ವಿನ್‌ನಲ್ಲಿ: ಹಳೇ ಬುರುಡೆ ಬಲ್ಬು ಸುಮಾರು 2,800, ನಡುಹಗಲ ಬಿಸಿಲು 5,500, ನೆರಳು 7,000ದ ಆಸುಪಾಸು. ಬೆಚ್ಚಗೆ ಕಾಣುವ ಹಳದಿಗೆ ಕಡಿಮೆ ಅಂಕಿ, ತಣ್ಣಗಿನ ನೀಲಿಗೆ ಹೆಚ್ಚು! ಕಾದ ಕಬ್ಬಿಣ ಮೊದಲು ಕೆಂಪಾಗಿ, ಇನ್ನೂ ಕಾದಂತೆ ಬಿಳಿಯತ್ತ ತಿರುಗುವುದನ್ನು ಇಲ್ಲಿನ ಕೈಗಾರಿಕಾ ವಸಾಹತು ಎಂಐಡಿಸಿಯ ಕುಲುಮೆಗಳಲ್ಲಿ ಕಂಡವರಿಗೆ ಈ ಲೆಕ್ಕ ವಿಚಿತ್ರ ಅನ್ನಿಸದು. ಟ್ಯೂಬ್‌ಲೈಟು ಮಾತ್ರ ಇದಕ್ಕೂ ಬಗ್ಗುವುದಿಲ್ಲ, ಅದರದ್ದು ಹಸಿರು ಛಾಯೆಯ ಬೇರೆಯೇ ರಗಳೆ.

ಆಟೋಗೆ ಬಿಟ್ಟರಾಯಿತಲ್ಲ ಅನ್ನುವವರು ಅರಿಶಿನ ಶಾಸ್ತ್ರಕ್ಕೆ ಬರಬೇಕು. ಹಳದಿ ಸೀರೆ, ಚೆಂಡುಹೂವಿನ ತೆರೆ, ಕೆನ್ನೆ ತುಂಬ ಅರಿಶಿನ. ಬೆಳಕೇ ಹಳದಿಯೆಂದು ಬಗೆದು ಕ್ಯಾಮೆರಾ ನೀಲಿ ಸುರಿಯುತ್ತದೆ. ಮದುಮಗಳ ಮುಖಕ್ಕೆ ವಿಭೂತಿಯ ಕಳೆ. ಮದ್ದು ಸುಲಭ: ಬೂದು ಕಾರ್ಡನ್ನು ಅವಳ ಮುಖದ ಹತ್ತಿರ, ಅದೇ ಬೆಳಕಿಗೆ ಹಿಡಿದು ಒಂದು ಫೋಟೋ ತೆಗೆದು, ಕ್ಯಾಮೆರಾಕ್ಕೆ ಅದನ್ನೇ ಆಧಾರ ಕೊಡುವುದು. ಮಾವನ ಬಿಳಿ ಪಂಚೆಯನ್ನು ನಂಬಬೇಡಿ. ನೀಲಿ ಹಾಕಿ ಒಗೆದದ್ದು. ಅದನ್ನು ಬಿಳಿಯೆಂದರೆ ಉಳಿದದ್ದೆಲ್ಲ ಹಳದಿಗೆ ವಾಲುತ್ತದೆ. ಮೂರು ಬಗೆಯ ಬೆಳಕು ಬೆರೆತಲ್ಲಿ ಕಾರ್ಡೂ ಸೋಲುತ್ತದೆ. ಎರಡನ್ನು ಆರಿಸುವುದೇ ದಾರಿ. ಆದರೆ ಮದುವೆಮನೆಯಲ್ಲಿ ಲೈಟು ಆರಿಸಿ ನೋಡಿ, ಯಾವ ಅಜ್ಜಿ ಸುಮ್ಮನಿರುತ್ತಾರೆ?

ಬೆಳಕಿನೊಡನೆ ಸೆಣಸಾಟ ಹೊಸದಲ್ಲ. ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಇದೇ ಮುಂಬಯಿಗೆ ಬಂದು, 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಕನ್ನಡಿ ಹಿಡಿದು ಬಿಸಿಲನ್ನು ಸ್ಟುಡಿಯೋದೊಳಗೆ ಇಳಿಸಿದರು. ಕಪ್ಪು-ಬಿಳುಪು ಚಿತ್ರ, ಬಿಸಿಲಿನ ಬಣ್ಣದ ಗೊಡವೆಯೇ ಇಲ್ಲ. ಬಣ್ಣದ ರೀಲಾದರೆ ಬಿಸಿಲಿಗೊಂದು, ಬಲ್ಬಿಗೊಂದು ಬೇರೆಬೇರೆ. ತಪ್ಪಿದರೆ ಲೆನ್ಸಿಗೆ ಫಿಲ್ಟರು. ನಮಗೆ ಒಂದು ಗುಂಡಿ, ಆದರೂ ಗೊಣಗಾಟ.

ಹಾಗೆಂದು ಎಲ್ಲವನ್ನೂ ಬಿಳಿ ಮಾಡಿಬಿಡುವ ಚಟವೂ ನನಗೆ ಹಿಡಿಸದು. ಪಕ್ಕದ ಐರೋಲಿಯ ಖಾಡಿಗೆ, ಅಂದರೆ ಕಡಲ ಹಿನ್ನೀರಿಗೆ, ಫ್ಲೆಮಿಂಗೋಗಳು ಬರುತ್ತವೆ. ಅಲ್ಲಿನ ಸಂಜೆಯ ಕೆಂಪನ್ನು ಆಟೋ ತೊಳೆದುಹಾಕಿದರೆ ಸಂಜೆಗೆ ಹೋದದ್ದೇ ದಂಡ. ಬಿಸಿಲಿನ ಗುರುತಿಗೆ ಕ್ಯಾಮೆರಾವನ್ನು ಕಟ್ಟಿಹಾಕಿದರೆ ಕೆಂಪು ಉಳಿಯುತ್ತದೆ. ಅಷ್ಟಕ್ಕೂ ತೃಪ್ತಿಯಾಗದವರು ಮೊಬೈಲಿನಲ್ಲಿ ಬಣ್ಣ ಎಳೆದೆಳೆದು, ಇನ್ನೂ ಬೂದುಬಣ್ಣದಲ್ಲೇ ಇರುವ ಮರಿಗಳನ್ನೂ ಗುಲಾಬಿ ಮಾಡಿ ವಾಟ್ಸಾಪಿಗೆ ಬಿಡುತ್ತಾರೆ.