ಬೇವೂರು ಟು ಬವೇರಿಯಾ, ಭಾಗ 5: ಅಪ್ಪನ ಗಿರಮಿಟ್ಟು, ನನ್ನ ಸ್ಕೀ

ಮೊದಲ ಫೋಟೋ ನೋಡ್ರಿ. ಮ್ಯೂನಿಕ್‌ನ ನನ್ನ ಹಾಸ್ಟೆಲ್ ರೂಮು. ಮಂಚದ ಮೇಲೆ ಎರಡು ಉದ್ದನೆ ಸ್ಕೀ, ಪಕ್ಕಕ್ಕೆ ಸ್ಕ್ರೂ ಡ್ರೈವರ್, ಅರ್ಧ ತಿಂದ ಖಡಕ್ ರೊಟ್ಟಿ. "ಬಿಸಿಲಾಗ ಬೆಳೆದಾಂವ, ಹಿಮದಾಗ ಏನ್ ಮಾಡ್ತಿಯೋ?" ಅಂತ ಕೇಳಿದ ಯಲಬುರ್ಗಾದ ಕ್ಲಾಸ್‌ಮೇಟ್‌ಗಳಿಗೆ ಇವತ್ತಿನ ಉತ್ತರ: ಬೀಳ್ತೀನಿ. ಬೀಳೋದರ ಬಗ್ಗೇನೇ ಈ ಭಾಗ.

ಸ್ಕೀ ಅಂದ್ರೆ ಹಲಗೆ. ಬೂಟು ಗಟ್ಟಿ ಪ್ಲಾಸ್ಟಿಕ್‌ದು. ಇವೆರಡನ್ನೂ ಕೂಡಿಸೋದು ಬೈಂಡಿಂಗ್: ಬೆರಳ ಕಡೆ ಒಂದು, ಹಿಮ್ಮಡಿ ಕಡೆ ಒಂದು. ಅದಕ್ಕೆ ಎರಡು ಕೆಲಸ. ಇಳಿಯುವಾಗ ಕಾಲು ಬಿಡಬಾರದು, ಬಿದ್ದಾಗ ಬಿಡಲೇಬೇಕು. ಎಷ್ಟು ಒತ್ತಡಕ್ಕೆ ಬಿಡಬೇಕು ಅನ್ನೋದಕ್ಕೆ ಅದರ ಮೇಲೆ ಒಂದು ಸ್ಕೇಲ್ ಇರ್ತದೆ. ಅದಕ್ಕೆ ಡಿನ್ ನಂಬರ್ ಅಂತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ನೀವು ಹೊಸಬರೋ ಪಳಗಿದವರೋ, ಇಷ್ಟೂ ಸೇರಿ ಆ ನಂಬರ್ ಬರ್ತದೆ. ಒಬ್ಬರದು ಇನ್ನೊಬ್ಬರಿಗೆ ಆಗಲ್ಲ.

ಇದು ನನಗೆ ಗೊತ್ತಾಗಿದ್ದು ಬಿದ್ದ ಮೇಲೆ. ಹೋದ ಜನವರಿ, ಗಾರ್ಮಿಷ್. 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ನಾನಿದ್ದದ್ದು ಮಕ್ಕಳು ಕಲಿಯೋ ಇಳಿಜಾರಿನಲ್ಲಿ. ಕಾಲಲ್ಲಿ 70 ಯುರೋಗೆ ತಂದ ಸೆಕೆಂಡ್ ಹ್ಯಾಂಡ್ ಸೆಟ್ಟು. ನಿಧಾನಕ್ಕೇ ಬಿದ್ದೆ. ಮೈ ಒಂದು ಕಡೆ ತಿರುಗಿತು, ಸ್ಕೀ ಇನ್ನೊಂದು ಕಡೆ, ನಡುವೆ ನನ್ನ ಮೊಣಕಾಲು. ಬೈಂಡಿಂಗ್ ಬಿಡಲೇ ಇಲ್ಲ. ಆಮೇಲೆ ಸ್ಕೇಲ್ ನೋಡಿದ್ರೆ 8ಕ್ಕೆ ಇಟ್ಟಿತ್ತು. ಹಿಂದಿನವನ ತೂಕಕ್ಕೆ, ಅವನ ಅನುಭವಕ್ಕೆ ಇಟ್ಟ ನಂಬರು. ನನ್ನದು ಅದರ ಅರ್ಧದಷ್ಟು. ತಪ್ಪು ಅವನದಲ್ಲ, ನೋಡದೇ ಕಾಲಿಟ್ಟ ನನ್ನದು. ಮೂರು ವಾರ ಕುಂಟಿದೆ. ಗೋದಾಮಿನ ಪಾರ್ಟ್‌ಟೈಮ್ ಕೆಲಸ ತಪ್ಪಿತು, ಆ ತಿಂಗಳು ಮನೆಗೆ ದುಡ್ಡು ಹೋಗಲಿಲ್ಲ. ಫೋನಿನಲ್ಲಿ "ಪರೀಕ್ಷೆ ಐತಿ" ಅಂತ ಸುಳ್ಳು ಹೇಳಿದೆ.

ಈ ವರ್ಷ ಹುಷಾರಾದೆ. ಬೇರೆ ಬೇರೆ ಕಡೆ ಹುಡುಕಿ ಸ್ಕೀ 40 ಯುರೋಗೆ, ಬೈಂಡಿಂಗ್ 35ಕ್ಕೆ ತಂದೆ. ಕಡಿಮೆ ದುಡ್ಡಲ್ಲಿ ತಗೊಳ್ಳೋರು ಇಷ್ಟು ನೋಡ್ರಿ.

ಒಂದು, ಬೂಟಿನ ತಳ. ಐಎಸ್‌ಒ 5355 ಅಂತ ಇದ್ರೆ ಹಳೇ ಮಾದರಿಯ ಚಪ್ಪಟೆ ತಳ. ಗ್ರಿಪ್‌ವಾಕ್ ತಳ ಬೇರೆ, ಅದಕ್ಕೆ ಹೊಂದೋ ಬೈಂಡಿಂಗೇ ಬೇಕು. ಎರಡು, ಬ್ರೇಕಿನ ಅಗಲ. ಸ್ಕೀ ನಡು 78 ಮಿಲಿಮೀಟರ್ ಇದ್ರೆ ಬ್ರೇಕು 85 ಸಾಕು. ಕಡಿಮೆ ಆದ್ರೆ ಕೂರಲ್ಲ, ಬಹಳ ಆದ್ರೆ ಹಿಮಕ್ಕೆ ತಾಗ್ತದೆ. ಮೂರು, ನಿಮ್ಮ ನಂಬರು ಆ ಸ್ಕೇಲಿನೊಳಗೆ ಬರಬೇಕು. ಹಗುರ ಮೈಯವರು ಅಗ್ಗಕ್ಕೆ ಸಿಕ್ತು ಅಂತ ರೇಸಿನ ಬೈಂಡಿಂಗ್ ತರಬೇಡಿ. ನಾಲ್ಕು, ತೀರಾ ಹಳೇದನ್ನ ಅಂಗಡಿಯವರು ಮುಟ್ಟಲ್ಲ. ಐದು, ಸ್ಕೀ ಮೇಲೆ ಮೊದಲೇ ಹಳಿ ಇದ್ದು ಅದಕ್ಕೆ ಹೊಂದೋ ಬೈಂಡಿಂಗ್ ಇದ್ರೆ ತೂತು ಕೊರೆಯೋದೇ ಬೇಡ, ಸರಿಸಿ ಕೂಡಿಸಬಹುದು. ಹೊಸಬರಿಗೆ ಅದೇ ಲಾಭ.

ಕೊಡಗಿನ ತೆಕ್ಕಡ ಭವಾನಿ ಭಾರತದ ಪರ ಸ್ಕೀ ಮಾಡ್ತಾರಲ್ಲ, ಅವರದು ಕ್ರಾಸ್ ಕಂಟ್ರಿ. ಅದರಲ್ಲಿ ಬೆರಳ ತುದಿ ಮಾತ್ರ ಸಿಕ್ಕಿರ್ತದೆ, ಹಿಮ್ಮಡಿ ಏಳ್ತದೆ. ಅದರ ಬೈಂಡಿಂಗ್ ಇದಕ್ಕೆ ಬರಲ್ಲ. ಅಗ್ಗ ಅಂತ ಮೋಸ ಹೋಗಬೇಡಿ.

ಕೂಡಿಸೋದಕ್ಕೆ ಅಂಗಡಿಯವನು ಕೇಳಿದ್ದು 45 ಯುರೋ. ನನ್ನ ಮೂರೂವರೆ ತಾಸಿನ ಪಗಾರ! ನಾನು ಬಡಿಗೇರ ಮಗ, ನಾನೇ ಕೊರೀತೀನಿ ಅಂದ್ಕೊಂಡೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಬೇವೂರಿನ ನಮ್ಮ ಕಟ್ಟೆ ಮೇಲೆ ಕೂರಿಗೆ ರಿಪೇರಿ ನಡೆದಿತ್ತು. ಸ್ಕೀ ತೋರಿಸಿದೆ. ಬೂಟಿನ ನಡುವಿನ ಗೆರೆ ಸ್ಕೀ ಮೇಲಿನ ಗೆರೆಗೆ ಕೂಡಬೇಕು, ತೂತಿನ ಆಳ 9 ಮಿಲಿಮೀಟರ್, ಡ್ರಿಲ್ ಬಿಟ್ 3.5ರದೋ 4.1ರದೋ ಅಂತ ಸ್ಕೀ ಮೇಲೇ ಬರೆದಿರ್ತಾರೆ, ಸ್ವಲ್ಪ ಜಾಸ್ತಿ ಒತ್ತಿದ್ರೆ ತಳ ಹರಿದು ಹೋಗ್ತದೆ ಅಂತ ವಿವರಿಸಿದೆ.

ಅಪ್ಪ ಗಿರಮಿಟ್ಟು ಕೆಳಗಿಟ್ಟ. "ಹಳೇ ತೂತು ಅದಾವೇನು?"

"ಅದಾವ."

"ಅದರ ಬಾಜೂಕ ಕೊರಿಬ್ಯಾಡ, ಕಟಿಗಿ ಹಿಡಿಯಂಗಿಲ್ಲ. ಕೂರಿಗಿ ದಿಂಡಿಗೆ ಒಂದು ತೂತು ವಾರಿ ಆದ್ರ ಹೊಲದಾಗ ಸಾಲೆಲ್ಲಾ ವಾರಿ. ಫರ್ಮಾ ಐತೇನು ನಿನ್ನ ಕಡೆ?"

"ಕಾಗದದ್ದು ಐತಿ."

"ಹೂಂ. ತೂತು ನಾ ಹೇಳಿಕೊಡ್ತೀನಿ. ಬಿದ್ದಾಗ ಕಾಲು ಬಿಡ್ತದ ಅಂದಿ. ಎಷ್ಟಕ್ಕ ಬಿಡ್ತದ ಅಂತ ಹೆಂಗ ಅಳೀತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕೇಲ್ ತಿರುಗಿಸಬಹುದು. ಆದ್ರೆ ಹಳೇ ಸ್ಪ್ರಿಂಗು ಆ ನಂಬರಿಗೇ ಬಿಡ್ತದೆ ಅಂತ ಹೇಳೋದು ಅಂಗಡಿಯ ಮಷಿನ್ನು ಮಾತ್ರ, ಅದೂ ನನ್ನ ಬೂಟು ಇಟ್ಟು ನೋಡಿದ ಮೇಲೆ. ಸುಮ್ಮನಿದ್ದೆ. ಆಮೇಲೆ ಮೊಣಕಾಲಿನ ವಿಷಯ ಬಾಯಿಗೆ ಬಂತು. ಪರೀಕ್ಷೆ ಸುಳ್ಳೂ ಹೇಳಿಬಿಟ್ಟೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಹಿಂದೆ ಯಾರದೋ ಟ್ರ್ಯಾಕ್ಟರ್ ಸದ್ದು. ಆಮೇಲೆ ಇಷ್ಟೇ: "ನಲವತ್ತೈದು ಕೊಟ್ಟು ಅಳಿಸು ತಮ್ಮಾ. ಈ ತಿಂಗಳ ರೊಕ್ಕ ಕಳಿಸಬ್ಯಾಡ."

ಅಂಗಡಿಗೆ ಕೊಟ್ಟೆ. ಅಲ್ಲಿನ ಸ್ಟೀಲಿನ ಫರ್ಮಾ, ಬಿಟ್‌ಗೆ ಆಳ ಮೀರದಂತೆ ಇರೋ ತಡೆ, ಸ್ಕ್ರೂಗೆ ಮೊದಲು ಹಾಕೋ ಅಂಟು, ಎಲ್ಲಾ ವಿಡಿಯೋ ಮಾಡಿ ಅಪ್ಪನಿಗೆ ಕಳಿಸಿದೆ. ಮಷಿನ್ ಪರೀಕ್ಷೆಯ ಚೀಟಿ ಎರಡನೇ ಫೋಟೋದಲ್ಲಿದೆ. ಒಟ್ಟು ಖರ್ಚು 120 ಯುರೋ. ಬೇರೆ ಎಲ್ಲಾದಕ್ಕೂ ಚೌಕಾಶಿ ಮಾಡ್ರಿ, ಈ ಚೀಟಿಗೆ ಮಾತ್ರ ಮಾಡಬೇಡಿ. ಚೀಟಿ ಇದ್ದರೂ ಮೊಣಕಾಲಿಗೆ ಗ್ಯಾರಂಟಿ ಇಲ್ಲ, ಕಾಲಿನ ಎಲುಬಿಗಂತೂ ದೊಡ್ಡ ಆಸರೆ.

ಮೂರನೇದು ವಿಡಿಯೋ, ಹೋದ ಭಾನುವಾರದ್ದು. ಅದೇ ಇಳಿಜಾರು. ಈ ಸಲ ಜೋರಾಗೇ ಬಿದ್ದೆ. ಸೌಂಡ್ ಆನ್ ಮಾಡಿ ಕೇಳ್ರಿ, "ಟಕ್" ಅಂತದೆ. ಸ್ಕೀ ಒಂದು ಕಡೆ, ನಾನು ಇನ್ನೊಂದು ಕಡೆ, ಹಿಮದಲ್ಲಿ ಮಲಗಿ ನಗ್ತಾ ಇದ್ದೀನಿ.

ಅಪ್ಪನಿಗೆ ಮೊದಲು ಕಳಿಸಿದೆ. ವಾಯ್ಸ್ ಮೆಸೇಜ್ ಬಂತು, ಎರಡೇ ಶಬ್ದ.

"ಬಿಡ್ತು ನೋಡು."